ಸೀಸದ ಒಲೆಯ ಬೂದಿ

ಮನೆಗಳ ನಡುವೆ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವುದೆಂದರೆ ಮಕ್ಕಳಿಗೆ ವಿಷ ಹಾಕುವುದು. ಇಂದು ಸಿಂದಗಿಯ ನಮ್ಮ ಓಣಿಗೆ ಹೊಸ ಶೆಡ್ಡಿನಿಂದ ಅದೇ ಘಾಟು ಹೊಗೆ ಬಂತು. ನಾನು ಚಿಕ್ಕವನಿದ್ದಾಗಿನ ಮುದ್ದೇಬಿಹಾಳದ ನಮ್ಮ ಹಿತ್ತಲು ಕಣ್ಣಿಗೆ ಕಟ್ಟಿತು.

ಅಲ್ಲಿ ಕಾಕಾ ಟ್ರ್ಯಾಕ್ಟರ್ ಬ್ಯಾಟರಿಗಳನ್ನು ಕೊಡಲಿಯಿಂದ ಒಡೆದು, ಒಳಗಿನ ಸೀಸವನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸುತ್ತಿದ್ದ. ಆ ಒಲೆಯ ಬೂದಿ ಜೋಳದ ಹಿಟ್ಟಿನಷ್ಟು ನುಣ್ಣಗಿರುತ್ತಿತ್ತು. ಅವ್ವ ಅದನ್ನು ಚೆಲ್ಲುತ್ತಿರಲಿಲ್ಲ. ಅದರಿಂದಲೇ ಗಂಗಾಳ ತಿಕ್ಕುತ್ತಿದ್ದಳು, ಅದರಿಂದಲೇ ತಂಗಿ ಶಾಂತಾಳ ಹಲ್ಲು ಉಜ್ಜುತ್ತಿದ್ದಳು.

"ನೋಡ್ ಹೆಂಗ ಹೊಳಿತಾವ! ಪೇಸ್ಟಿನವ್ರು ನಮ್ಮನಿಗೆ ಬಂದು ಬೂದಿ ಒಯ್ಬೇಕು" ಎಂದು ಕಾಕಾ ನಗುತ್ತಿದ್ದ.

ಶಾಂತಾಳಿಗೆ ಹೊಟ್ಟೆನೋವು ಶುರುವಾದಾಗ ಜಂತುಹುಳವೆಂದು ಔಷಧಿ ಕುಡಿಸಿದರು. ಕಲಿತ ಅಕ್ಷರಗಳನ್ನು ಅವಳು ಒಂದೊಂದಾಗಿ ಮರೆತಳು. ಮೈಯಲ್ಲಿ ಸೀಸ ಸೇರಿದೆ ಎಂದು ದೊಡ್ಡಾಸ್ಪತ್ರೆಯಲ್ಲಿ ತಿಳಿಯುವಷ್ಟರಲ್ಲಿ ತಡವಾಗಿತ್ತು.

"ನನ್ನ ಕೈಲೇನ ಉಜ್ಜೀನಲ್ಲೋ ಯಪ್ಪಾ" ಎಂದು ಅವ್ವ ಇವತ್ತಿಗೂ ಅಳುತ್ತಾಳೆ. ಶಾಂತಾಳಿಗೆ ಈಗಲೂ ತನ್ನ ಹೆಸರು ಬರೆಯಲು ಬರುವುದಿಲ್ಲ.

ಇಂದು ಹೊಗೆ ನಿಲ್ಲಿಸಲು ಹೇಳಿದರೆ ಶೆಡ್ಡಿನ ಮಾಲೀಕ, "ಯಾರರ ಸತ್ತಾರೇನ್ರಿ?" ಎಂದ. ಅವನಿಗೆ ಉತ್ತರ ಕೊಡಲು ಶಾಂತಾಳ ಕೈ ಹಿಡಿದು ಹೋಗುತ್ತೇನೆ. ಮಕ್ಕಳಿರುವ ಮನೆಯವರೆಲ್ಲ ಬನ್ನಿ: ಬರುವ ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ಶೆಡ್ಡಿನ ಬಾಗಿಲಲ್ಲಿ.