ಹಿಮದೂರಿಗೊಂದು ಜಗಲಿ

"ನಿಮ್ಮ ಪ್ಲಾನಿನಂತೆ ಕಟ್ಟಿದರೆ ಚಳಿಗಾಲದಲ್ಲಿ ಮನೆಗೆ ಬಾಗಿಲೇ ಇರುವುದಿಲ್ಲ."

ನನ್ನ ಡ್ರಾಯಿಂಗಿಗೆ ಕೆನಡಾದ ಕಂಟ್ರಾಕ್ಟರ್ ಕೊಟ್ಟ ಸರ್ಟಿಫಿಕೇಟ್ ಇದು. ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ನಾನು ಪ್ಲಾನ್ ಹಾಕಿದ ಮನೆಗಳಿವೆ. ಇಷ್ಟರವರೆಗೆ ಒಂದರ ಬಾಗಿಲೂ ಕಾಣೆಯಾಗಿಲ್ಲ!

ನನ್ನ ತಂಗಿ ಲಲಿತಾ ಕೆನಡಾದಲ್ಲಿ ನರ್ಸ್. ಬಾಡಿಗೆ ಮನೆಯಿಂದ ಒಂದೇ ಮನೆ ಆಚೆ, ಸರೋವರದ ದಡದಲ್ಲಿ ಜಾಗ ಸಿಕ್ಕಿದ್ದೇ ತಡ, ಅಕ್ಕನ ಪ್ಲಾನೇ ಆಗಬೇಕೆಂದು ಹಟ ಹಿಡಿದಳು. ಒಂದೇ ಷರತ್ತು: ಎದುರಿಗೆ ಜಗಲಿ ಬೇಕು.

ಅದಕ್ಕೇನಂತೆ? ಹಾಕಿದೆ. ನಮ್ಮಲ್ಲಿಯ ಹಾಗೆ ಮಾಡನ್ನು, ಅಂದರೆ ಛಾವಣಿಯನ್ನು, ಅಂಗಳದ ಕಡೆಗೆ ಇಳಿಸಿದೆ. ಮಳೆನೀರಾದರೆ ಹರಿದುಹೋಗುತ್ತದೆ. ಹಿಮ ಹಾಗಲ್ಲವಂತೆ. ಮಾಡಿನಿಂದ ಒಟ್ಟಿಗೇ ಜಾರಿ ಬಾಗಿಲೆದುರು ರಾಶಿ ಬೀಳುತ್ತದಂತೆ. (ಫ್ರಿಜ್ಜಿನೊಳಗೆ ಮಾತ್ರ ಹಿಮ ಕಂಡವಳಿಗೆ ಇದೆಲ್ಲ ಹೇಗೆ ಹೊಳೆಯಬೇಕು?)

ಜಗಲಿಯನ್ನೇ ತೆಗೆದುಬಿಡಿ ಎಂದ ಕಂಟ್ರಾಕ್ಟರ್. ಲಲಿತಾಳ ಗಂಡ ದಿನೇಶನೂ ವಿಡಿಯೋ ಕಾಲ್‌ನಲ್ಲಿ ಅವನ ಪಕ್ಷ ವಹಿಸಿದ.

"ನೀವಾದ್ರೂ ಹೇಳಿ ಅಕ್ಕ. ಈ ಚಳಿಗೆ ಜಗಲಿಯಲ್ಲಿ ಬಂದು ಕೂತ್ಕೊಳ್ಳುದು ಯಾರು?"

ಲಲಿತಾಳ ಮುಖ ಸಣ್ಣದಾಯಿತು. "ಸಂಪಾಜೆಯಲ್ಲಿ ನಮ್ಮ ಮನೆಗೆ ಬಂದವರು ಬಾಗಿಲು ಬಡಿದದ್ದುಂಟಾ ಅಕ್ಕ? ಜಗಲಿಯಲ್ಲಿ ಕೂತು ಬೆಲ್ಲ ತಿಂದು ನೀರು ಕುಡಿದ ಮೇಲೇ ಅಲ್ವಾ ಮಾತು? ಇಲ್ಲಿಗೆ ಬಂದು ಎಷ್ಟು ಸಮಯ ಆಯ್ತು, ಪಕ್ಕದ ಮನೆಯ ಅಜ್ಜಿಯ ಹೆಸರು ಸಹ ಗೊತ್ತಿಲ್ಲ ನಂಗೆ."

ಅಷ್ಟು ಕೇಳಿದ ಮೇಲೆ ನಾನು ಬಿಡುತ್ತೇನೆಯೇ? ಜಗಲಿ ತೆಗೆಯುವ ಮಾತೇ ಇಲ್ಲ, ಮಾಡನ್ನೇ ತಿರುಗಿಸುತ್ತೇನೆ ಎಂದೆ. ಹಿಮ ಮನೆಯ ಎರಡು ಬದಿಗೆ ಜಾರಿ ಬೀಳುವಂತೆ ಮಾಡಿದೆ. ಜಗಲಿಗೆ ಗಾಜು, ಒಳಗೊಂದು ಬೆಂಚು. ಅದರ ಹೊರಬಾಗಿಲಿಗೆ ಬೀಗ ಮಾತ್ರ ಇಡಲಿಲ್ಲ. ಕಂಟ್ರಾಕ್ಟರ್ ತಲೆ ಚಚ್ಚಿಕೊಂಡ. ಚಚ್ಚಿಕೊಳ್ಳಲಿ, ತಲೆ ಅವನದು!

ಮನೆ ಎದ್ದಿತು. ಮೊದಲ ಚಳಿಗಾಲವೂ ಬಂತು. ಕಳೆದ ವಾರ ಲಲಿತಾಳ ಫೋನು, ಕಿವಿ ಒಡೆಯುವ ಹಾಗೆ.

"ಅಕ್ಕಾ, ಅವರ ಹೆಸರು ಮಾರ್ಗರೆಟ್ ಅಂತೆ!"

ಪಕ್ಕದ ಮನೆಯ ಅಜ್ಜಿಯ ಕಾರು ಇವರ ಗೇಟಿನೆದುರೇ ಹಿಮದಲ್ಲಿ ಹೂತುಹೋಗಿತ್ತಂತೆ. ಬೀಗವಿಲ್ಲದ ಬಾಗಿಲು, ಒಳಗೆ ಬೆಂಚು ಕಂಡು, ಕಾರು ಎಳೆಯುವ ಗಾಡಿ ಬರುವ ತನಕ ಎಂದು ಬಂದು ಕೂತಿದ್ದಾರೆ. ಲಲಿತಾ ಮಾತಿಗೆ ಮೊದಲು ಬಿಸಿನೀರು, ಒಂದು ತುಂಡು ಬೆಲ್ಲ ತಂದಿಟ್ಟಿದ್ದಾಳೆ. ಕಾರು ಎಳೆಯುವವರು ಬಂದು ಹಾರ್ನ್ ಹಾಕಿದರೂ ಇಬ್ಬರ ಮಾತು ಮುಗಿದಿರಲಿಲ್ಲವಂತೆ. ಈಗ ಅಜ್ಜಿ ಬೆಲ್ಲಕ್ಕೆಂದೇ ಬರುತ್ತಾರೆ. "ಊರಿಂದ ತಂದ ಬೆಲ್ಲ ಮುಗಿಯುತ್ತಾ ಬಂತು, ಕಳಿಸು ಮಾರಾಯ್ತಿ" ಎಂದಳು ತಂಗಿ. ನನಗೆ ಅಳುವೇ ಬಂತು. ಖುಷಿಗೆ.

ಮರುದಿನ ಪುತ್ತೂರಿನ ಆಫೀಸಿಗೆ ಹೊಸ ಗಿರಾಕಿ. ಹತ್ತು ಹೆಜ್ಜೆಗೊಂದು ಮನೆ ಇರುವ ಪೇಟೆಯಲ್ಲೇ ಸೈಟು. ಪ್ಲಾನ್ ನೋಡಿ ಬೆರಳಿಟ್ಟು ಹೇಳಿದರು: "ಜಗಲಿ ಎಂತಕ್ಕೆ ಮೇಡಂ? ಯಾರು ಬರ್ತಾರೆ ಈಗ? ಅಲ್ಲಿ ಕಾರು ಇಡುವ."

ಅಲ್ಲ ಮಾರಾಯ್ರೆ, ಕೆನಡಾದ ಹಿಮಕ್ಕೂ ಮುಚ್ಚಲಾಗದ ಜಗಲಿಯನ್ನು ಪುತ್ತೂರಿನ ಒಂದು ಕಾರು ಮುಚ್ಚಿಬಿಡುವುದೇ?