ದೆವ್ವವನ್ನು ತವರಿಗೆ ಬಿಟ್ಟು ಬಂದದ್ದು

ನಮ್ಮ ನಾರಾಯಣಪೇಟೆಯಲ್ಲಿ ದೆವ್ವಗಳು ಬೆಳಿಗ್ಗೆ ಇಡ್ಲಿ ಹೊತ್ತಿಗೆ ಬರುತ್ತವೆ. ರಾತ್ರಿ ಬರುವುದು ಅವುಗಳ ಧರ್ಮ ಇರಬಹುದು. ಆದರೆ ನನ್ನ ಗಿರಾಕಿಗಳು ಊರು ನೋಡಲು ಹೈದರಾಬಾದಿನಿಂದಲೋ ರಾಯಚೂರಿನಿಂದಲೋ ಬಂದವರು. ಸಂಜೆ ಬಸ್ಸಿಗೆ ವಾಪಸ್ ಹೋಗಬೇಕು, ಅದಕ್ಕೂ ಮುಂಚೆ ಸೀರೆ ಅಂಗಡಿಗೆ ನುಗ್ಗಬೇಕು. ಹೀಗಾಗಿ ಭಾನುವಾರ ಬಿಸಿಲು ಏರುವುದರೊಳಗೆ ಊರಿನ ಕೊಲೆ, ಶಾಪ, ಪಿಶಾಚಿ ಎಲ್ಲವನ್ನೂ ಮುಗಿಸಿ ಚಹಾಕ್ಕೆ ಕೂರಿಸುತ್ತೇನೆ.

ನಾನು ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಊರಿಗೆ ಎಂದು ಕೂಗುತ್ತಿದ್ದವನು. ನೌಕರಿ ಮುಗಿಯಿತು, ಗಂಟಲು ಮುಗಿಯಲಿಲ್ಲ. ಒಮ್ಮೆ ತಮ್ಮನ ಮಗಳು ಗೆಳತಿಯರನ್ನು ಕರೆತಂದು, "ದೊಡ್ಡಪ್ಪಾ, ಇವ್ರಿಗೆ ಊರು ತೋರ್ಸು" ಅಂದಳು. ಊರಿನ ಇತಿಹಾಸ ಶುರು ಮಾಡಿದೆ. ಎಲ್ಲರೂ ಫೋನು ತೆಗೆದರು. ನಡುವೆ ಒಂದು ದೆವ್ವ ಬಿಟ್ಟೆ. ಫೋನುಗಳು ಜೇಬಿಗೆ ಹೋದವು. ಅಂದಿನಿಂದ ಇತಿಹಾಸವನ್ನು ಉಪ್ಪಿನಕಾಯಿಯ ಹಾಗೆ ಎಲೆಯ ತುದಿಗೆ ಹಾಕುತ್ತೇನೆ, ಊಟವೆಲ್ಲ ದೆವ್ವಗಳದೇ.

ನಮ್ಮೂರು ಗಡಿಯ ತೆಲುಗು ಕಡೆಯದು, ಶಾಲೆಯಲ್ಲಿ ಓದಿದ್ದು ತೆಲುಗು. ಕನ್ನಡ ಬಂದದ್ದು ನಮ್ಮಜ್ಜಿ ಮತ್ತು ಅವಳ ಕಟ್ಟೆಯ ಗೆಳತಿಯರ ಬಾಯಿಂದ, ಎಲೆಅಡಿಕೆಯ ಜೊತೆ. ಕತೆ ತೆಲುಗಿನಲ್ಲಿ ನಡೆಸುತ್ತೇನೆ, ಆದರೆ ದೆವ್ವ ಬಾಯಿ ತೆರೆದರೆ ಅದು ಕನ್ನಡವೇ. "ಯಾಕೆ ಹಾಗೆ?" ಎಂದು ಒಬ್ಬರು ಕೇಳಿದ್ದರು. "ಅವು ಸತ್ತಾಗ ಶಾಲೆ ಇರಲಿಲ್ಲ" ಅಂದೆ. ಬರೆದುಕೊಂಡರು.

ಮೊದಲ ನಿಲುಗಡೆ ಹಳೇ ಕಚೇರಿ. ನಿಜಾಮನ ಕಾಲದ ಒಬ್ಬ ಗಿರ್ದಾವರ, ಅಂದರೆ ಹೊಲ ಅಳೆಯಿಸುವ ಸಾಹೇಬ, ಸುಳ್ಳು ಅಳತೆ ಮಾಡಿಸಿ ಸತ್ತು ಇನ್ನೂ ಸರಪಳಿ ಎಳೆಯುತ್ತಾನೆ ಎಂದು ಹೇಳುತ್ತೇನೆ. ಯಾರೂ ಹೆದರುವುದಿಲ್ಲ. ಕಚೇರಿಗಳಲ್ಲಿ ಅಂಥವರು ಜೀವಂತ ಇರುವಾಗ ಸತ್ತವನಿಗೆ ಹೆದರುವವರು ಯಾರು?

ಹೆದರುವುದು ಎರಡನೆಯದಕ್ಕೆ. ಅದು ನೇಕಾರರ ಓಣಿ. ಗದ್ವಾಲದಿಂದ ಮದುವೆಯಾಗಿ ಬಂದ ಒಬ್ಬ ಹುಡುಗಿ. ನಾಗರ ಪಂಚಮಿಗೆ ಎಲ್ಲ ಹೆಣ್ಣುಮಕ್ಕಳೂ ತವರಿಗೆ ಹೋದರು, ಇವಳನ್ನು ಅತ್ತೆ ಕಳಿಸಲಿಲ್ಲ. ಅಣ್ಣ ಗಾಡಿ ತರುತ್ತಾನೆ ಎಂದು ಬಾವಿಯ ಕಟ್ಟೆಯ ಮೇಲೆ ಕೂತಳು. ಮಧ್ಯಾಹ್ನವಾಯಿತು, ಗಾಡಿ ಬರಲಿಲ್ಲ. ಸಂಜೆ ನೀರಿಗೆ ಬಂದವರಿಗೆ ಕಟ್ಟೆಯ ಮೇಲೆ ಬಳೆ ಮಾತ್ರ ಸಿಕ್ಕವು. ಈಗಲೂ ಮಟಮಟ ಮಧ್ಯಾಹ್ನ ದಾರಿಯಲ್ಲಿ ಹೋಗುವವರನ್ನು ಕೇಳುತ್ತಾಳಂತೆ: "ಗದ್ವಾಲದ ಗಾಡಿ ಬಂತೇನ್ರಿ?"

ನಮ್ಮಜ್ಜಿ ಇದನ್ನು ಹೇಳಿದಾಗ ಬಾವಿ ಓಣಿಯ ಆ ತುದಿಯಲ್ಲಿತ್ತು. ಈಗ ಅದನ್ನು ಮುಚ್ಚಿ ಮೇಲೆ ಮೊಬೈಲ್ ರಿಪೇರಿ ಅಂಗಡಿ ಎದ್ದಿದೆ. ಅಲ್ಲಿ ನೆರಳೂ ಇಲ್ಲ, ಕೂರಲು ಜಾಗವೂ ಇಲ್ಲ. ಈ ತುದಿಯ ಒಂದು ಮನೆಯ ಮುಂದೆ ಬೇವಿನ ಮರ, ಅಗಲವಾದ ಕಟ್ಟೆ. ಹೈದರಾಬಾದಿನವರು ಬಿಸಿಲಿಗೆ ಬಾಡುತ್ತಾರೆ. ಹಾಗಾಗಿ ದೆವ್ವವನ್ನು ನೆರಳಿಗೆ ತಂದು ಕೂರಿಸಿದೆ. ಆ ಮನೆಯವಳು ಬೇಜಾರು ಮಾಡಿಕೊಂಡಿರಲಿಲ್ಲ, ನೀರು ಕೊಡುತ್ತಿದ್ದಳು, ಕೆಲವರಿಗೆ ಸೀರೆಯನ್ನೂ ತೋರಿಸುತ್ತಿದ್ದಳು.

ಒಂದು ಭಾನುವಾರ ಕತೆ ಬಳೆಯವರೆಗೆ ಬಂದಿತ್ತು. ಆಕೆ ಒಳಗಿನಿಂದ ಸೆರಗು ಸಿಕ್ಕಿಸಿಕೊಂಡು ಬಂದಳು.

"ಅಣ್ಣಾರ, ಸಾಕ್ರಿ. ನಿಮ್ಮ ದೆವ್ವ ತಗೊಂಡು ಹೋಗ್ರಿ."

"ಯಾಕವ್ವ ತಂಗಿ, ಏನಾತು?"

"ಏನಾತು ಅಂತೀರಲ್ಲ! ನಮ್ಮ ಮಗ್ಗ ಹೋಗೋ ಹೊತ್ತು ಬಂದೈತಿ."

ಆ ಮನೆಯಲ್ಲಿ ಎರಡು ಕುಣಿಮಗ್ಗ. ಒಂದರಲ್ಲಿ ಗಂಡ ನೇಯುತ್ತಾನೆ. ಇನ್ನೊಂದು ಮಾವ ನೇಯುತ್ತಿದ್ದದ್ದು. ಮುದುಕ ಹೋದ ಮೇಲೆ ಆ ಕುಣಿಯಲ್ಲಿ ಕಾಲು ಇಳಿಬಿಟ್ಟವರಿಲ್ಲ. ಮಗ್ಗವೂ ನೂಲೂ ಸಾಹುಕಾರನವು. ದಸರೆಯೊಳಗೆ ನಡೆಯದಿದ್ದರೆ ಬಿಚ್ಚಿಸಿ ಬೇರೆ ಓಣಿಗೆ ಹಾಕಿಸುತ್ತೇನೆ ಎಂದಿದ್ದನಂತೆ. ಪುಣ್ಯಕ್ಕೆ ಒಂದು ಎಳೆಯ ಜೋಡಿ ಸಿಕ್ಕಿತ್ತು: ಹುಡುಗ ನೇಯುವವನು, ಹುಡುಗಿ ಲಾಳಿಯ ಕಂಡಿಕೆಗೆ ನೂಲು ಸುತ್ತುವವಳು. ಆದರೆ ಹುಡುಗಿ ಬಸುರಿ. ಮಕ್ತಲದಲ್ಲಿರುವ ಅವಳ ತಾಯಿ ಯಾರದೋ ಫೋನಿನಲ್ಲಿ ನನ್ನದೇ ವಿಡಿಯೊ ನೋಡಿದ್ದಳು. ಅದರಲ್ಲಿ ನಾನು ಬಾಯಿ ಅಗಲಿಸಿ ಆ ಮನೆಯ ಬಾಗಿಲ ಕಡೆಗೇ ಬೆರಳು ತೋರಿಸುತ್ತಿದ್ದೆ. ಬಸುರಿ ಮಗಳನ್ನು ದೆವ್ವದ ಮನೆಗೆ ಕಳಿಸುವುದಿಲ್ಲ ಎಂದುಬಿಟ್ಟಿದ್ದಳು.

"ಸುಳ್ಳು ಅಂತ ಹೇಳಿಬಿಡ್ತೀನಿ" ಅಂದೆ.

"ನಾನೂ ಹೇಳೀನಿ ಮೊನ್ನೆ ಫೋನಿನ್ಯಾಗ. 'ದೆವ್ವಾನ ಹಂಗ ಹೇಳಿಸ್ಯಾದ' ಅಂತಾಳ ಆ ಮಕ್ತಲದಾಕಿ."

ಅದು ನಿಜ. ದೆವ್ವ ಇದೆ ಎಂದಾಗ ಅರ್ಧ ನಂಬುತ್ತಾರೆ, ಇಲ್ಲ ಎಂದು ಆಣೆ ಇಟ್ಟರೆ ಪೂರ್ತಿ ನಂಬುತ್ತಾರೆ. ನನ್ನ ಗಿರಾಕಿಗಳು ಇದೂ ಕಾರ್ಯಕ್ರಮದ ಭಾಗವೇ ಎಂದುಕೊಂಡು ವಿಡಿಯೊ ಮಾಡುತ್ತಿದ್ದರು.

ಆಕೆ ಆಮೇಲೆ ನನ್ನನ್ನೇ ಕೇಳಿದಳು: "ಅಲ್ರೀ ಅಣ್ಣಾರ, ಅಕಿ ಏನು ಕೇಳ್ತಾಳ?"

"ಗದ್ವಾಲದ ಗಾಡಿ."

"ರಕ್ತ ಕೇಳಿಲ್ಲ, ಕೋಳಿ ಕೇಳಿಲ್ಲ. ತವರಿಗೆ ಕಳಸ್ರಿ ಅಂತಾಳ. ನಿಮ್ಮಜ್ಜಿ ಕತಿ ಹೇಳಿದ್ಲು, ನೀವು ಹೇಳಿದ್ರಿ, ಊರ ಮಂದಿ ಕೇಳಿದ್ರು. ಒಬ್ರಾದ್ರೂ ಕಳಿಸಿದ್ರೇನು?"

ಬಸ್‌ಸ್ಟ್ಯಾಂಡಿನಲ್ಲಿ ಗದ್ವಾಲದ ಬಸ್ಸನ್ನು ಆಯುಷ್ಯವೆಲ್ಲ ಕೂಗಿದವನು ನಾನು. ಆ ಬಾವಿಯ ಹುಡುಗಿಗೆ ಕೇಳಿಸಿರಲಿಕ್ಕಿಲ್ಲ.

"ಅಲ್ಲಿಂದ ಇಲ್ಲಿಗೆ ನೆರಳಿಗೆ ಕರಕೊಂಡು ಬಂದವ್ರು ನೀವು. ಇಲ್ಲಿಂದ ಅಲ್ಲಿಗೂ ನೀವ ಕರಕೊಂಡು ಹೋಗ್ರಿ. ಓಣಿ ಮಂದೆಲ್ಲ ನಿಮಗ ಅಣ್ಣಾ ಅಂತಾರ, ಅಕಿಗೂ ಅಣ್ಣ ಆಗ್ರಿ."

ನಗೆಚಾಟಿಕೆ ಎಂದುಕೊಂಡೆ. ಪಂಚಮಿಯ ಹಿಂದಿನ ದಿನ ಕಟ್ಟೆಗೆ ಕರೆಸಿಕೊಂಡಳು. ಹೋಗಿ ನೋಡಿದರೆ ಓಣಿಯ ಮುತ್ತೈದೆಯರೆಲ್ಲ ಸೇರಿದ್ದಾರೆ. ಕಟ್ಟೆಯ ಮೇಲೆ ಚಾಪೆ, ಚಾಪೆಯ ಮೇಲೆ ಯಾರೂ ಇಲ್ಲ. ಆ ಯಾರೂ ಇಲ್ಲದ ಜಾಗಕ್ಕೆ ಕುಂಕುಮ ಇಟ್ಟು, ಹೊಸ ಕುಪ್ಪಸದ ಬಟ್ಟೆ ಹಾಸಿ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು. ಹಬ್ಬದ ಜೋಳದ ಅಳ್ಳು, ಶೇಂಗಾದ ಉಂಡಿ ಬೇರೆ. ಒಬ್ಬಳು ಬಳೆಯನ್ನೂ ಇಟ್ಟಳು. "ಹೋಗಿ ಬಾರವ್ವ" ಎಂದು ಬಾಯಿ ತಪ್ಪಿ ಅಂದವಳನ್ನು ಇನ್ನೊಬ್ಬಳು ತಿವಿದಳು: "ಬಾ ಅನಬ್ಯಾಡ! ಹೋಗು ಅನ್ನು ಅಷ್ಟ!"

ಎಲ್ಲವನ್ನೂ ಆ ಬಟ್ಟೆಯಲ್ಲೇ ಕಟ್ಟಿ ಗಂಟನ್ನು ನನ್ನ ಕೈಗೆ ಕೊಟ್ಟರು. ದೆವ್ವಗಳನ್ನು ನಾನು ನಂಬುವವನಲ್ಲ. ಆದರೂ ಬಸ್ಸಿನಲ್ಲಿ ಗಂಟನ್ನು ಕಿಟಕಿಯ ಕಡೆ ಇಟ್ಟು, ನಾನು ಈಚೆ ಕೂತೆ.

ಮಕ್ತಲದಲ್ಲಿ ಇಳಿದು ಬಸ್ಸು ಬದಲಿಸಬೇಕು. ಅಲ್ಲಿ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಕೈಯಲ್ಲಿ ಆಧಾರ್ ಕಾರ್ಡು ಹಿಡಿದು ಕಾಯುತ್ತಿದ್ದಳು. ಬಸುರಿ ಹುಡುಗಿಯ ತಾಯಿ. ಮಗ್ಗದ ಮನೆಯವಳು ಫೋನು ಮಾಡಿದ್ದಳಂತೆ.

"ನೀವ ಏನ್ರೀ ದೆವ್ವದವ್ರು?"

"ಹೌದ್ರಿ ಅಕ್ಕಾರ."

"ನಡೀರಿ, ನಾನೂ ಬರ್ತೀನಿ. ಕಣ್ಣಾರೆ ನೋಡಬೇಕು ನಾನು. ನೀವು ನಡು ದಾರ್‍ಯಾಗ ಗಂಟು ಒಗೆದು ಬಂದ್ರ?"

ಗದ್ವಾಲದ ಬಸ್ಸು ಗಿಜಿಗಿಜಿ. ಹೆಣ್ಣುಮಕ್ಕಳಿಗೆ ಟಿಕೀಟು ಪುಕ್ಕಟೆಯಾದಾಗಿನಿಂದ ಪಂಚಮಿಯ ಹೊತ್ತಿಗೆ ಬಸ್ಸುಗಳು ಹಾಗೇ. ಮೂವರ ಸೀಟು ಸಿಕ್ಕಿತು. ಕಿಟಕಿಗೆ ಗಂಟು, ತುದಿಗೆ ನಾನು. ನಡುವೆ ಅವಳು ಕೂರಬೇಕಾಯಿತು. ಗಂಟಿಗೆ ಸೆರಗು ತಾಗದ ಹಾಗೆ ನನ್ನ ಮೇಲೆಯೇ ಒರಗಿ ಕೂತಳು.

ಕಂಡಕ್ಟರ್ ನನ್ನ ಹಳೇ ಪರಿಚಯದವ. "ಎಷ್ಟು ಮಂದಿ?" ಅಂದ.

"ನಾನೊಬ್ಬ, ಹೆಣ್ಣುಮಕ್ಕಳು ಇಬ್ರು."

"ಇನ್ನೊಬ್ರು ಎಲ್ಲಿ?"

ಗಂಟು ತೋರಿಸಿ ವಿಷಯ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡ. "ಫ್ರೀ ಟಿಕೀಟಿಗೆ ಆಧಾರ್ ಬೇಕಲ್ಲ, ಐತಾ?"

"ಅಕಿ ಸತ್ತಾಗ ಆಧಾರ್ ಇರಲಿಲ್ಲಪ್ಪ."

"ಹಂಗಾರ ಲಗೇಜು. ಮ್ಯಾಲೆ ಇಡ್ರಿ, ಜನ ಕೂಡ್ಲಿ."

ನಿಂತಿದ್ದ ಒಬ್ಬ ಆಸಾಮಿ ಗಂಟಿಗೆ ಕೈ ಹಾಕಿದ. ಮಕ್ತಲದವಳು ಅವನ ಕೈ ಮೇಲೆ ಹೊಡೆದೇಬಿಟ್ಟಳು.

"ಏಯ್, ಹೆಣ್ಮಗಳು ಕುಂತಿದ್ದು ಕಾಣಸಂಗಿಲ್ಲೇನು? ಕಂಡಕ್ಟರಪ್ಪ, ಲಗೇಜು ಯಾರಿಗಂತಿ? ಕೂತು ಕೂತು ಜೀವ ಬಿಟ್ಟಾಕಿ ಮೊದಲ್ನೇ ಸಲ ತವರಿಗೆ ಹೊಂಟಾಳ, ಲಗೇಜಂತ! ಫುಲ್ ಟಿಕೀಟ್ ಹರಿ, ಇವ್ರು ಕೊಡ್ತಾರ."

ಇವರು ಕೊಟ್ಟರು. ಕಂಡಕ್ಟರ್ ಟಿಕೀಟು ಹರಿದು ಗಂಟಿಗೇ ಸಿಕ್ಕಿಸಿದ. ಅಲ್ಲಿಂದ ಮುಂದೆ ಆ ಸೀಟಿನ ಕಡೆ ಯಾರೂ ಬರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು, ಶೇಂಗಾ ಉಂಡಿಯ ವಾಸನೆ ಬೇರೆ. ಮೆಲ್ಲಗೆ ಕೈ ಚಾಚಿದೆ. "ತಂಗಿ ಉಡಿಯಾಗಿಂದು ತಿಂತೀರಾ? ನಾಚಿಕಿ ಇಲ್ಲ?" ಎಂದು ನನಗೂ ಒಂದು ಬಿತ್ತು. ಕೃಷ್ಣಾ ನದಿ ಬಂದಾಗ ಅವಳು ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿಸಿದಳು. "ಹೊಳಿ ಬಂತವ್ವ, ಕೈ ಮುಗಿ" ಅಂದಳು. ಬಸ್ಸು ಹತ್ತುವಾಗ ಸೆರಗು ತಾಗಿಸಲೂ ಅಂಜಿದವಳು.

ಗದ್ವಾಲದಲ್ಲಿ ಇಳಿದಮೇಲೆ ನನಗೆ ಹೊಳೆದದ್ದು, ಹುಡುಗಿಯ ತವರು ಯಾವ ಮನೆ ಎಂದು ಅಜ್ಜಿ ಹೇಳಿಯೇ ಇರಲಿಲ್ಲ. ಕತೆಗೆ ವಿಳಾಸ ಬೇಕಾಗಿರಲಿಲ್ಲ. "ಕೋಟೆಯ ಬಾಗಿಲಿಗೆ ಬಿಟ್ಟು ಹೋಗೋಣ, ಅಲ್ಲಿ ಅವಳ ಸರೀಕರು ಬೇಕಾದಷ್ಟು ಇರ್ತಾರೆ" ಅಂದೆ. ಮಕ್ತಲದವಳು ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ.

ನೇಕಾರರ ಓಣಿ ಹುಡುಕಿ ಹೋದೆವು. ಕಟ್ಟೆಯ ಮೇಲೆ ಒಬ್ಬ ಮುದುಕಿ ಜರಿಯ ಎಳೆ ಬಿಡಿಸುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಕ್ತಲದವಳು ಶುರುಮಾಡಿದಳು, ಅರ್ಧ ಕನ್ನಡ, ಅರ್ಧ ತೆಲುಗು. ನನ್ನ ಕತೆಯಲ್ಲಿ ಇಲ್ಲದ ಮಳೆ, ಅತ್ತೆಯ ಬಾಯಲ್ಲಿ ಇಲ್ಲದ ಬೈಗುಳ, ಎಲ್ಲವನ್ನೂ ಸೇರಿಸಿದಳು. ನನಗಿಂತ ಚೆನ್ನಾಗಿಯೇ ಹೇಳಿದಳು ಎಂಬುದು ಇಂದಿಗೂ ನೋವು.

ಮುದುಕಿ ಕೇಳಿದಳು: "ಯಾರ ಮನಿ ಕೂಸು?"

"ಗೊತ್ತಿಲ್ಲಮ್ಮ" ಅಂದೆ.

"ಗೊತ್ತಿಲ್ದಿದ್ರ ನಮ್ಮನೀದ. ಬಾಗಿಲಿಗೆ ಬಂದ ಹೆಣ್ಮಗಳನ್ನ ಹೊರಗ ನಿಂದ್ರಿಸಾಕ ಬರ್ತೈತೇನು?" ಒಳಗಿನಿಂದ ರೊಟ್ಟಿಯ ಚೂರು, ತಂಬಿಗೆ ನೀರು ತಂದಳು. ಗಂಟಿಗೆ ನಿವಾಳಿಸಿ ರೊಟ್ಟಿ ಆಚೆ ಒಗೆದಳು, ನೀರು ಚೆಲ್ಲಿದಳು, ಗಂಟನ್ನು ಒಳಗೆ ಒಯ್ದು ದೇವರ ಮುಂದೆ ಇಟ್ಟಳು. ಹೊರಗೆ ಬಂದು ನನ್ನನ್ನು ಗದರಿದಳು: "ಇಷ್ಟು ತಡಾ ಮಾಡಿ ಕರಕೊಂಡು ಬಂದಿ. ಎಂಥಾ ಅಣ್ಣನೋ ನೀನು!"

ತಲೆ ತಗ್ಗಿಸಿದೆ. ಮಾಡದ ತಪ್ಪಿಗೆ ಅಷ್ಟು ಸರಿಯಾಗಿ ಬೈಸಿಕೊಂಡದ್ದು ಅದೇ ಮೊದಲು. ಆಮೇಲೆ ಚಹಾ ಬಂತು, ಆ ಉಂಡಿಗಳೇ ತಟ್ಟೆಯಲ್ಲಿ ಬಂದವು. ಚಹಾ ಮುಗಿಯುವುದರೊಳಗೆ ಮುದುಕಿ ಸೀರೆಗಳನ್ನು ಬಿಚ್ಚಿ ಹರಡಿದ್ದಳು. ಗದ್ವಾಲದ ಸೀರೆ ಹಿಡಿದು ನಾರಾಯಣಪೇಟೆಯ ಓಣಿಗೆ ಹೋದರೆ ನಾನೇ ಅಲ್ಲಿ ಮುಂದಿನ ದೆವ್ವವಾಗುತ್ತಿದ್ದೆ, ಹೇಗೋ ತಪ್ಪಿಸಿಕೊಂಡೆ.

ಬಸ್‌ಸ್ಟ್ಯಾಂಡಿನಲ್ಲಿ ಮಕ್ತಲದವಳು ಮಗಳಿಗೆ ಫೋನು ಹಚ್ಚಿದಳು. "ಹೋಗ್ಯಾಳ. ನಾನ ಬಿಟ್ಟು ಬಂದೀನಿ. ಹಬ್ಬ ಮುಗಿಸಿ ನೀ ಮಗ್ಗಕ್ಕ ನಡಿ" ಅಂದಳು. ನಾನು ಬಿಟ್ಟು ಬಂದದ್ದು ಯಾವಾಗ ಅವಳು ಬಿಟ್ಟು ಬಂದದ್ದಾಯಿತೋ ತಿಳಿಯಲಿಲ್ಲ.

ದಸರೆಗೆ ಮುಂಚೆಯೇ ಎರಡನೇ ಮಗ್ಗದ ಸದ್ದು ಶುರುವಾಯಿತು. ನನಗೆ ಮಾತ್ರ ನಷ್ಟ: ಒಳ್ಳೆಯ ನೆರಳಿನ ನಿಲುಗಡೆ, ದೆವ್ವವೇ ಇಲ್ಲ. ಆದರೂ ಭಾನುವಾರ ಅಲ್ಲೇ ನಿಲ್ಲಿಸುತ್ತೇನೆ, ನೀರು ಕುಡಿಸಬೇಕಲ್ಲ. ಮೊನ್ನೆ ಒಬ್ಬ ಹುಡುಗ ಕ್ಯಾಮೆರಾ ಎತ್ತಿ, "ಅಂಕಲ್, ಇಲ್ಲಿ ಬಾವಿಯ ಹೆಂಗಸಿನ ದೆವ್ವ ಇದೆಯಂತಲ್ಲ?" ಅಂದ.

"ಇತ್ತಪ್ಪ. ತವರಿಗೆ ಹೋಗಿದೆ."

"ಮತ್ತೆ ಯಾವಾಗ ಬರುತ್ತೆ?"

ನಾನು ಏನಾದರೂ ಕಟ್ಟಿ ಹೇಳುವವನೇ ಇದ್ದೆ. ಒಳಗಿನಿಂದ ಬಸುರಿ ಹುಡುಗಿ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಕೂಗಿದಳು:

"ಕಾಕಾ, ಬರೋ ತಿಂಗಳು ಹೆರಿಗೆಗೆ ನಾನು ಮಕ್ತಲಕ್ಕ ಹೊಂಟೀನಿ. ಕೂಸು ಕರಕೊಂಡು ತಿರುಗಿ ಬರ್ತೀನಿ. ಅಷ್ಟರಾಗ ಕಟ್ಟಿ ಖಾಲಿ ಐತಂತ ನನ್ನ ದೆವ್ವ ಮಾಡಿ ಕೂಡ್ರಿಸಿಬಿಟ್ಟೀರಿ ಮತ್ತ!"

ಗಿರಾಕಿಗಳೆಲ್ಲ ನಕ್ಕರು. ಎರಡೂ ಮಗ್ಗಗಳ ಲಾಳಿ ಸದ್ದಿನಲ್ಲಿ ನನ್ನ ಉತ್ತರ ಯಾರಿಗೂ ಕೇಳಿಸಲಿಲ್ಲ. ಕೇಳಿಸಬೇಕಾದರೆ ಮೈಕು ಬೇಕಿತ್ತು.