ವಾರಂಟಿ ಇದ್ದ ಕೊನೆಯ ಮಧ್ಯಾಹ್ನ

ನಾನು ಹರಿಹರದಿಂದ ಬಂದು ನಿಜಲಿಂಗಪ್ಪ ಬಡಾವಣೆಯ ಅಕ್ಕನ ಮನೆ ಹೊಕ್ಕಾಗ, ರಿಪೇರಿಗೆ ಹುಬ್ಬಳ್ಳಿಯಿಂದ ಬರಬೇಕಿದ್ದ ಪ್ರಿಂಟರ್ ಕಂಪನಿಯವನು ಆಗಲೇ ಬಂದು ಕೂತಿದ್ದ. ಸಂಜೆ ಬರುತ್ತೇನೆಂದು ಹೇಳಿದ್ದವನು. ನನ್ನ ಅಂಗಿಯ ಜೇಬಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾರ್ಟ್ರಿಜ್ ಇತ್ತು. ಹರಿಹರದ ಬಸ್ ನಿಲ್ದಾಣದ ಹಿಂದಿನ ಅಂಗಡಿಯಾತ ಸಿರಿಂಜಿನಿಂದ ಆಗಷ್ಟೇ ಮೂರು ಬಣ್ಣದ ಮಸಿ ತುಂಬಿಕೊಟ್ಟದ್ದು.

ಅದು ತೊಂಬತ್ತರ ದಶಕದ ಕೊನೆ. ಎಂ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಅಕ್ಕನ ಡಿಟಿಪಿ ಅಂಗಡಿಯಲ್ಲಿದ್ದೆ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ, ಒಂದು ಕಂಪ್ಯೂಟರ್, ಒಂದು ಕಲರ್ ಪ್ರಿಂಟರ್. ಕಾಗದ ಎಳೆಯುವ ರಬ್ಬರ್ ಗಾಲಿ ಹಾಳಾಗಿ ಪ್ರಿಂಟರ್ ನಿಂತಿತ್ತು. ವಾರಂಟಿ ಇದ್ದರೆ ಗಾಲಿ ಪುಕ್ಕಟೆ. ಇಲ್ಲದಿದ್ದರೆ ಹಾಕಿಸುವ ಶಕ್ತಿ ಅಕ್ಕನಿಗಿರಲಿಲ್ಲ, ಅಂಗಡಿ ಮುಚ್ಚಬೇಕಿತ್ತು. ಬೇರೆಯವರ ಮಸಿ ಬಳಸಿದರೆ ವಾರಂಟಿ ರದ್ದು ಎಂಬುದು ಕಂಪನಿಯ ಷರತ್ತು. ಅದಕ್ಕೇ ಕಂಪನಿಯದೇ ಹೊಸ ಕಾರ್ಟ್ರಿಜ್ ಒಂದನ್ನು ತಂದು, ಬಳಸದೆ, ಕಂಪನಿಯವನು ಬರುವ ದಿನ ತೋರಿಸಲೆಂದು ಇಟ್ಟಿದ್ದೆವು. ಅಕ್ಕ ಅದನ್ನು ಹಾಕಿದ್ದಳು. ಆದರೆ ಪ್ರಿಂಟರಿನ ಕೆಂಪು ದೀಪ ಮಿಣುಕುತ್ತಲೇ ಇತ್ತು.

"ಡೂಪ್ಲಿಕೇಟ್ ಐತ್ರಿ ಇದು," ಎಂದ ಕಂಪನಿಯವನು. "ಮಿಷನ್ನೇ ಒಪ್ತಿಲ್ಲ ನೋಡ್ರಿ."

"ನಿಮ್ಮ ಡೀಲರ್ ಹತ್ರಾನೇ ತಂದಿದ್ದು," ಎಂದಳು ಅಕ್ಕ. "ನಿಮ್ಮ ಮಾಲು ನಿಮ್ಮ ಮಿಷನ್ನಿಗೇ ಗುರ್ತು ಸಿಗಲ್ಲಾಂದ್ರೆ ನಾನೇನ್ ಮಾಡ್ಲಿ?"

ಅವನು ಕಾರ್ಟ್ರಿಜ್ ಹೊರತೆಗೆದು ತಿರುಗಿಸಿದ. ಪ್ರಿಂಟರ್ ಗುರುತು ಹಿಡಿಯುವ ಅದರ ತಾಮ್ರದ ಪಟ್ಟಿಯ ಮೇಲೆ ಮೂರು ಬಿಳಿ ಗೆರೆಗಳಿದ್ದವು.

ಒಳಬಾಗಿಲಲ್ಲಿ ನಿಂತಿದ್ದ ಅಕ್ಕನ ಅತ್ತೆ ಹೇಳಿದರು: "ಈಬತ್ತಿ ಕಣಪ್ಪಾ. ಆಯುಧಪೂಜೆಗೆ ಮಿಷನ್ನಿಗೆಲ್ಲ ಹಚ್ಚಿದ್ನಲ್ಲ, ಡಬ್ಬ್ಯಾಗಿರೋದು ಯಾಕ ಬಿಡ್ಬೇಕು ಅಂತ ಬಿಚ್ಚಿ ಅದಕ್ಕೂ ಹಚ್ಚೀನಿ. ಹೊಳಿಯೋ ಜಾಗ ನೋಡೇ ಹಚ್ಚೀನಿ."

"ಅಮ್ಮಾರೇ, ಅದು ಹಣಿ ಅಲ್ರಿ, ಅದರ ಕಣ್ಣು!"

ಬಟ್ಟೆಯಿಂದ ಒರೆಸಿ ಮತ್ತೆ ಪ್ರಿಂಟರಿಗೆ ಹಾಕಿದ. ದೀಪದ ಮಿಣುಕು ನಿಂತಿತು. ವಿಭೂತಿಯೇ ಕಾರಣವೆಂದು ನಾನು ಇಂದಿಗೂ ಖಚಿತವಾಗಿ ಹೇಳಲಾರೆ. ಬರೀ ತೆಗೆದು ಹಾಕಿದ್ದರಿಂದಲೂ ಸರಿಹೋಗಿರಬಹುದು.

ಮುಂದಿನದರ ಬಗ್ಗೆ ನನ್ನ ನೆನಪನ್ನು ಇನ್ನೂ ಕಡಿಮೆ ನಂಬುತ್ತೇನೆ. ನಾನೇ ಮೊದಲು ಜೇಬು ಮುಟ್ಟಿಕೊಂಡೆನೋ, ಅವನೇ ಮೊದಲು ನೋಡಿದನೋ. ಎದೆಗೆ ತಣ್ಣಗೆ ತಾಗಿದ್ದಂತೂ ನಿಜ. ಬಿಳಿ ಅಂಗಿಯ ಮೇಲೆ ಅಂಗೈಯಗಲ ನೀಲಿ ಹರಡಿತ್ತು.

"ಪೆನ್ ಸೋರ್ತೈತೇನ್ರಿ, ಸಾರ್?"

ಹೂಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೀಲಿಯ ಅಂಚಿನಲ್ಲಿ ಹಳದಿಯೂ ಕೆಂಪೂ ಒಸರತೊಡಗಿದವು. ಅವನು ನೋಡುತ್ತಲೇ ಇದ್ದ. ನಗಲಿಲ್ಲ.

"ಹರಿಹರದಾಗ ತುಂಬ್ಸಿದ್ದು ರೀ," ಎಂದುಬಿಟ್ಟಳು ಅಕ್ಕ. "ನಿಮ್ಮ ಮಸಿ ರೇಟು ನಮಗೆ ಪೂರೈಸಂಗಿಲ್ಲ."

ಅವನು ವಾರಂಟಿ ಕಾರ್ಡಿನ ಮೇಲೆ ಅಡ್ಡ ಗೆರೆ ಎಳೆದು, 'ರದ್ದು' ಎಂದು ಬರೆದು, ಅಕ್ಕನ ಮುಂದೆ ಪೆನ್ನು ಹಿಡಿದ. "ಸೈನ್ ಮಾಡ್ರಿ."

ಅಕ್ಕ ಪೆನ್ನು ಮುಟ್ಟಲಿಲ್ಲ. "ನಾ ಸೈನ್ ಮಾಡೋತನಕ ವಾರಂಟಿ ಐತೋ, ಇಲ್ಲೋ?"

"ರೂಲ್ಸ್ ಪ್ರಕಾರ ಐತ್ರಿ, ಆದ್ರೆ..."

"ಹಂಗಾರೆ ಮೊದ್ಲು ಗಾಲಿ ಹಾಕ್ರಿ. ಆಮೇಲೆ ಎಲ್ಲಿ ಬೇಕಾದ್ರೂ ಸೈನ್ ಮಾಡ್ತೀನಿ."

"ಸೈನ್ ಇಲ್ದೆ ಹೋದ್ರೆ ನಾ ಮತ್ತೆ ಹುಬ್ಬಳ್ಳಿಯಿಂದ ಬರ್ಬೇಕಾಗ್ತೈತ್ರಿ."

"ಬರ್ರಿ. ಬ್ಯಾಡ ಅಂದೋರ್ಯಾರು?"

ಅವನು ಚೀಲ ಹೆಗಲಿಗೇರಿಸಿದ. ನಾನು ಅಂಗಡಿ ಮುಚ್ಚಿತೆಂದೇ ತಿಳಿದೆ. ಬಾಗಿಲವರೆಗೆ ಹೋದವನು ಅದೇನನ್ನಿಸಿತೋ, ತಿರುಗಿ ಬಂದು ಸ್ಕ್ರೂಡ್ರೈವರ್ ತೆಗೆದ.

ಬಾಯಿ ಬಿಡದೆ ಗಾಲಿ ಹಾಕಿದ ಎಂದು ನನ್ನ ನೆನಪು. ಉದ್ದಕ್ಕೂ ಗೊಣಗುತ್ತಲೇ ಇದ್ದ ಎನ್ನುತ್ತಾಳೆ ಅಕ್ಕ. ಕಾಗದ ನೆಟ್ಟಗೆ ಒಳಹೋಗಿ ನೆಟ್ಟಗೆ ಹೊರಬಂತು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಇನ್ನೊಂದು ಹಾಳೆ ತೆಗೆಸಿ, ಅದನ್ನೂ ನೋಡಿದಳು. ಆಮೇಲೆ ಪೆನ್ನಿಗೆ ಕೈ ಚಾಚಿದಳು.